ಊರು ಹೋರ್ಡಿನದು, ಕಥೆ ಯಾರದು? ‘ಮಿಡ್‌ನೈಟ್’ಗೆ ಮುಂಚೆ ಎರಡೂ ಬಣ ಆಡಿದವನ ಹೋಲಿಕೆ

2018ರ ಆಗಸ್ಟಿನಲ್ಲಿ, ಸಿಟ್ಟು ನೆತ್ತಿಗೇರಿದ್ದ ಒಂದು ರಾತ್ರಿ, ಎರಡು ಸಾವಿರ ಚಿಲ್ಲರೆ ರೂಪಾಯಿ ಕೊಟ್ಟು ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಎಂಬ ಆನ್‌ಲೈನ್ ಆಟದಲ್ಲಿ ನನ್ನ ಪ್ಯಾಲಡಿನ್ ಯೋಧನ ಬಣ ಬದಲಿಸಿದೆ. ಹೋರ್ಡ್, ಅಲಯನ್ಸ್ ಎಂದು ಅಲ್ಲಿ ಎದುರಾಳಿ ಬಣ ಎರಡು. ಅಲ್ಲಿವರೆಗೆ ಅವನು ಹೋರ್ಡಿನ ಬ್ಲಡ್ ಎಲ್ಫ್. ಬೆಳಗಾಗುವಷ್ಟರಲ್ಲಿ ನೀಳ ಕಿವಿ ಹೋಗಿ ಅಲಯನ್ಸಿನ ಗುಂಡುಮುಖದ ಮನುಷ್ಯ ಆಗಿದ್ದ. ಈ ಆಟದ ಎಕ್ಸ್‌ಪಾನ್ಶನ್, ಅಂದರೆ ಹೊಸ ಕಥೆ ಹೊಸ ಜಾಗ ಸೇರಿಸುವ ಕಂತು, ‘ಮಿಡ್‌ನೈಟ್’ ಬಿಡುಗಡೆ 2026ರ ಮಾರ್ಚ್ 2ಕ್ಕೆ. ಲೆಕ್ಕ ಹಾಕಿದರೆ ಅಲ್ಲಿಂದ ಇಲ್ಲಿಗೆ ಏಳೂವರೆ ವರ್ಷ. ಸಾಡೇಸಾತಿ ಮುಗಿಯುವ ಹೊತ್ತು. ನಾನು ವಾಪಸ್ ಹೋರ್ಡಿಗೆ ಹೊರಟಿದ್ದೇನೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ಓದುವವರು ನನ್ನ ತಕ್ಕಡಿಯನ್ನು ನಂಬಬೇಕಾಗಿಲ್ಲ.

ಮೊದಲಾದರೆ ಬಣ ಅಂದರೆ ಗೆಳೆಯರ ಪ್ರಶ್ನೆ. ಗಿಲ್ಡ್ (ಒಟ್ಟಿಗೆ ಆಡುವವರ ಕೂಟ) ಯಾವ ಕಡೆಯೋ ನಾವೂ ಆ ಕಡೆ. ಈಗ ಹಾಗಿಲ್ಲ. 2022ರಲ್ಲಿ ಎರಡೂ ಬಣದವರು ಒಟ್ಟಿಗೆ ಡಂಜನ್, ರೇಡ್ (ಗುಂಪು ಕಟ್ಟಿಕೊಂಡು ಮಾಡುವ ದಾಳಿಗಳು) ಮಾಡಲು ಬಿಟ್ಟರು, 2023ರಲ್ಲಿ ಒಂದೇ ಗಿಲ್ಡಿಗೆ ಸೇರಲೂ ಬಿಟ್ಟರು. ನಮ್ಮ ಗಿಲ್ಡ್ ಯುರೋಪಿನ ಸರ್ವರಿನದು. ಅವರ ರಾತ್ರಿ ಎಂಟು ಅಂದರೆ ಚಳಿಗಾಲದಲ್ಲಿ ನನಗೆ ಹನ್ನೆರಡೂವರೆ, ಮನೆಯಲ್ಲಿ ಎಲ್ಲರೂ ಮಲಗಿರುತ್ತಾರೆ. ಆ ರೇಡಿನಲ್ಲಿ ಪಕ್ಕದಲ್ಲಿ ನಿಂತವನು ಓರ್ಕೋ ಡ್ವಾರ್ಫೋ ಎಂದು ಈಗ ಯಾರೂ ನೋಡುವುದಿಲ್ಲ. ಅಂದಮೇಲೆ ಬಣ ಆರಿಸಲು ಉಳಿದ ಕಾರಣ ಒಂದೇ, ಕಥೆ. ಅದಕ್ಕೇ ಯಾರ ಕಥೆಗೆ ಎಷ್ಟು ಪಾಲು ಎನ್ನುವ ಜಗಳ ಈಗ ಮೊದಲಿಗಿಂತ ಜೋರಾಗಿದೆ.

ಪಾಲು ಅಳೆಯುವವರು ಸಾಮಾನ್ಯವಾಗಿ ಜಾಗ ಎಣಿಸುತ್ತಾರೆ. 2018ರ ‘ಬ್ಯಾಟಲ್ ಫಾರ್ ಅಝೆರಾತ್’ನಲ್ಲಿ ಹೋರ್ಡಿಗೆ ಝಂಡಲಾರ್‌ನ ಮೂರು ಪ್ರದೇಶ, ಅಲಯನ್ಸಿಗೆ ಕುಲ್ ಟಿರಾಸ್‌ನ ಮೂರು. ಗೇಣು ಹಾಕಿ ಅಳೆದ ಹಾಗೆ ಸಮ. ಹಾಗಿದ್ದರೂ ಎರಡೂ ಕಡೆಯವರು ಮೋಸ ಹೋದೆವು ಎಂದೇ ಕೂಗಿದರು. ನನ್ನ ಅಳತೆಗೋಲು ಪ್ರೈಮರಿ ಸ್ಕೂಲಿನ ವ್ಯಾಕರಣದ್ದು. ಕರ್ತೃ ಯಾರು, ಕರ್ಮ ಯಾರು, ಕ್ರಿಯಾಪದ ಯಾರ ಕೈಲಿದೆ? ಈ ಆಟದ ಇಪ್ಪತ್ತೊಂದು ವರ್ಷದಲ್ಲಿ ಬಹುತೇಕ ವಾಕ್ಯಗಳಿಗೆ ಹೋರ್ಡ್ ಕರ್ತೃ, ಅಲಯನ್ಸ್ ಕರ್ಮ. ಹೋರ್ಡ್ ಥೆರಮೋರ್ ಪಟ್ಟಣವನ್ನು ಉಡಾಯಿಸಿತು. ಹೋರ್ಡ್ ಮರವನ್ನು ಸುಟ್ಟಿತು. ಅಲಯನ್ಸ್ ಪಟ್ಟಣ ಕಳೆದುಕೊಂಡಿತು, ಮರ ಕಳೆದುಕೊಂಡಿತು, ಅತ್ತಿತು, ಕ್ಷಮಿಸಿತು.

ನನ್ನ ದುಡ್ಡು ಹೋಗಿದ್ದು ಆ ಮರದ ದೆಸೆಯಿಂದ.

ಟೆಲ್ಡ್ರಾಸಿಲ್ ನೈಟ್ ಎಲ್ಫ್‌ಗಳ ಊರು ಹೊತ್ತಿದ್ದ ಮಹಾಮರ. 2004ರಲ್ಲಿ ಆಟ ಶುರುವಾದಾಗಿನಿಂದ ಎಷ್ಟೋ ಜನ ಮೊದಲ ಹೆಜ್ಜೆ ಇಟ್ಟ ಜಾಗ. ಎಕ್ಸ್‌ಪಾನ್ಶನ್ನಿಗೆ ಮುಂಚಿನ ವಾರಗಳಲ್ಲಿ ಹೋರ್ಡಿನ ನಾವು ಸೌರ್‌ಫ್ಯಾಂಗ್ ಎಂಬ ಮುದಿ ಓರ್ಕ್‌ನ ಹಿಂದೆ ಕಾಡು ದಾಟಿ ಕಡಲತೀರದ ತನಕ ಬಂದೆವು. ಊರು ಹಿಡಿಯುವುದು, ಒತ್ತೆ ಇಟ್ಟುಕೊಂಡು ಶಾಂತಿ ಮಾತಾಡುವುದು, ಹೀಗೆ ನಮಗೆ ಹೇಳಿದ್ದ ಯೋಜನೆ. ತೀರದಲ್ಲಿ ಸಾಯುತ್ತ ಬಿದ್ದಿದ್ದ ಒಬ್ಬ ಎಲ್ಫ್ ಹೆಣ್ಣಿನ ಜತೆ ನಮ್ಮ ಮುಖ್ಯಸ್ಥೆ ಸಿಲ್ವಾನಸ್ ಎರಡು ಮಾತಾಡಿದಳು. ನೀನು ಭರವಸೆಯನ್ನು ಕೊಲ್ಲಲಾರೆ ಎಂದು ಆ ಎಲ್ಫ್ ಅಂದಳು. ಸಿಲ್ವಾನಸ್ ನಮ್ಮ ಕಡೆ ತಿರುಗಿ ಸುಟ್ಟುಹಾಕಿ ಎಂದಳು. ಅಷ್ಟೇ. ನನ್ನ ಪ್ಯಾಲಡಿನ್, ಬೆಳಕಿನ ಪೂಜೆ ಮಾಡುವವನು, ಕವಣೆಯಂತ್ರಗಳ ಪಕ್ಕದಲ್ಲಿ ಬೊಂಬೆಯ ಹಾಗೆ ನಿಂತಿದ್ದ. ಬೇಡ ಎನ್ನುವ ಬಟನ್ ಇಲ್ಲ. ಹಿಂದೆ ಸರಿಯುವ ದಾರಿ ಇಲ್ಲ. ಕ್ವೆಸ್ಟ್ ಮುಗಿಯಿತು, ಬಹುಮಾನ ತಗೋ.

ಆ ವಾರವೇ ಮೈಸೂರಿಗೆ ಹೋಗಿದ್ದೆ. ಚಿಕ್ಕಪ್ಪನ ಮಗ ಹುಟ್ಟಾ ಅಲಯನ್ಸ್. ಅವನ ಲ್ಯಾಪ್‌ಟಾಪಿನಲ್ಲಿ ಅದೇ ಮರದ ಕಥೆ ಆ ಕಡೆಯಿಂದ ನಡೆಯುತ್ತಿತ್ತು. ಪರದೆಯ ಬಲಗಡೆ ಒಂದು ಲೆಕ್ಕ: ಕಾಪಾಡಬೇಕಾದ ಊರಿನವರು 982. ಮೇಲೆ ಗಡಿಯಾರ ಇಳಿಯುತ್ತಿದೆ. ಅವನು ಹೊಗೆಯಲ್ಲಿ ಓಡಾಡುತ್ತ ಒಬ್ಬೊಬ್ಬರನ್ನೇ ಕ್ಲಿಕ್ ಮಾಡುತ್ತಿದ್ದ. ಹನ್ನೊಂದು, ಹದಿನೆಂಟು, ಇಪ್ಪತ್ತೇಳು. 982 ಯಾರಿಂದಲೂ ಮುಟ್ಟಲಾಗದ ಸಂಖ್ಯೆ ಎಂದು ಅವನಿಗೆ ಅರ್ಥ ಆಗಿದ್ದು ಸಮಯ ಮುಗಿಯುತ್ತ ಬಂದಾಗ. ಸೋಲುವುದೇ ಆ ಕ್ವೆಸ್ಟ್. ಮೌಸ್ ಬಿಟ್ಟು ನನ್ನ ಕಡೆ ತಿರುಗಿದ.

“ಅಣ್ಣಾ, ನಿಮ್ಮೋರು ಸುಟ್ರಲ್ಲಾ.”

“ನಾನೆಲ್ಲೋ ಸುಟ್ಟೆ? ನಿಂತ್ಕೊಂಡಿದ್ದೆ ಅಷ್ಟೇ.”

“ಅದೇ ಹೇಳಿದ್ದು.”

ಅವತ್ತು ರಾತ್ರಿಯೇ ಕಾರ್ಡ್ ಉಜ್ಜಿದೆ.

ಆ ಕಡೆ ಹೋಗಿ ನೋಡಿದರೆ ಏನು? ನ್ಯಾಯವಾಗಿ ಒಪ್ಪಿಕೊಳ್ಳಬೇಕು, ಮೊದಲ ಎರಡು ತಿಂಗಳು ಹಬ್ಬ. ಕುಲ್ ಟಿರಾಸ್‌ನಲ್ಲಿ ಅಲಯನ್ಸಿನ ಮಾಂತ್ರಿಕೆ ಜೈನಾಳ ಕಥೆಯಂಥದ್ದು ಹೋರ್ಡಿಗೆ ಇವತ್ತಿನವರೆಗೂ ಸಿಕ್ಕಿಲ್ಲ. ವರ್ಷಗಳ ಹಿಂದೆ ಹೋರ್ಡಿನವರು ಅಪ್ಪನನ್ನು ಕೊಲ್ಲುವಾಗ ಅಡ್ಡ ಬರದೆ ಸರಿದು ನಿಂತ ಮಗಳು, ತವರಿಗೆ ಕಾಲಿಟ್ಟರೆ ತಾಯಿಯೇ ಅವಳನ್ನು ದೋಷಿ ಎಂದು ಒಪ್ಪಿಸುತ್ತಾಳೆ. ಆಮೇಲೆ ಅದೇ ತಾಯಿ ಮಗಳನ್ನು ಹುಡುಕಿಕೊಂಡು ನಮ್ಮ ಜತೆ ಹೊರಡುತ್ತಾಳೆ. ತಾಯಿ ಮಗಳು ಎದುರುಬದುರು ನಿಂತ ಆ ದೃಶ್ಯಕ್ಕೆ ಹೆಡ್‌ಫೋನ್ ಹಾಕಿಕೊಂಡು ಕತ್ತಲಲ್ಲಿ ಕಣ್ಣೊರೆಸಿಕೊಂಡಿದ್ದೇನೆ. ಅಲಯನ್ಸಿನ ಕಥೆ ಮನೆತನದ ಕಥೆ. ಅಪ್ಪ, ಮಗ, ಸಿಂಹಾಸನ, ಸೋದರಿಯರು. ಹೋರ್ಡಿನದು ಕುರ್ಚಿಯ ಕಥೆ. ಥ್ರಾಲ್, ಗ್ಯಾರೋಶ್, ವೋಲ್‌ಜಿನ್, ಸಿಲ್ವಾನಸ್, ಕೂತವರಲ್ಲಿ ಒಬ್ಬರಿಗೂ ಆ ಕುರ್ಚಿ ಒಗ್ಗಿ ಬರಲಿಲ್ಲ.

ಹಬ್ಬ ಮುಗಿದ ಮೇಲೆ ಶುರುವಾಯಿತು ಬೇಸರ. ಮರ ಸುಟ್ಟ ಲೆಕ್ಕ ಚುಕ್ತಾ ಮಾಡುವ ದಿನಕ್ಕೆ ಒಂದು ವರ್ಷ ಕಾದೆ. 2019ರ ಸೆಪ್ಟೆಂಬರಿನಲ್ಲಿ ಆ ದಿನ ಬಂತು, ಓರ್ಗ್ರಿಮಾರ್‌ನ ಹೆಬ್ಬಾಗಿಲ ಮುಂದೆ. ಸಿಲ್ವಾನಸ್‌ಳನ್ನು ಎದುರಿಸಿ ನಿಂತವನು ಯಾರು? ಸೌರ್‌ಫ್ಯಾಂಗ್. ಹೋರ್ಡಿನವನು. ಕಟಕಟೆಯಲ್ಲಿ ನಿಲ್ಲಿಸಿದವರೂ ನಿಂತವರೂ ಅವರವರೇ. ಅಲಯನ್ಸಿನ ರಾಜ ಆಂಡುಯಿನ್ ಕೊಟ್ಟಿದ್ದು ಅಪ್ಪನ ಕತ್ತಿಯ ಸಾಲ! ನನ್ನ ಮನುಷ್ಯ ಪ್ಯಾಲಡಿನ್ ಮತ್ತೆ ಬೊಂಬೆ, ಈ ಸಲ ಗೋಡೆಯ ಹೊರಗೆ. ದುಡ್ಡು ಕೊಟ್ಟು ಬದಲಾಗಿದ್ದು ನಾನು ನಿಂತ ಜಾಗ ಮಾತ್ರ. ಅಪರಾಧಿಗಳ ಸಾಲಿನಲ್ಲಿ ನಿಂತವನು ಪ್ರೇಕ್ಷಕರ ಸಾಲಿಗೆ ಬಂದಿದ್ದೆ.

ಅಲಯನ್ಸ್ ಮಾಡಿದ್ದು ಏನೂ ಇಲ್ಲವೇ ಎಂದರೆ, ಇದೆ. 2019ರ ಜನವರಿಯ ದಝರ್‌ಅಲೋರ್ ರೇಡಿನಲ್ಲಿ ಝಂಡಲಾರಿ ರಾಜ ರಸ್ತಖಾನ್‌ನನ್ನು ಅವನ ಊರಿನಲ್ಲೇ ಕೊಂದರು. ಅದರ ಪಾಪ ಯಾರ ಮುಖದಲ್ಲೂ ಹೆಚ್ಚು ದಿನ ಉಳಿಯಲಿಲ್ಲ. ಇದು ಅಲಯನ್ಸಿಗೆ ಲಾಭ ಎಂದು ಹೋರ್ಡಿನವರು ಅನ್ನುತ್ತಾರೆ. ನನಗೆ ನಷ್ಟ ಅನಿಸುತ್ತದೆ. ತಪ್ಪು ಮಾಡಿ ಅರಗಿಸಿಕೊಳ್ಳಲು ಒದ್ದಾಡುವ ಅವಕಾಶವನ್ನೇ ಆ ಬಣಕ್ಕೆ ಕೊಡುವುದಿಲ್ಲ.

ಹೋರ್ಡಿಗೆ ಉಲ್ಟಾ ಕಾಯಿಲೆ. ಕರ್ತೃ ಆದವನು ಪ್ರತಿ ಸಲ ಖಳನಾಗುತ್ತಾನೆ. 2013ರಲ್ಲಿ ಗ್ಯಾರೋಶ್, ಆಮೇಲೆ ಸಿಲ್ವಾನಸ್. ನಮ್ಮ ಮುಖ್ಯಸ್ಥನನ್ನು ನಾವೇ ರೇಡ್ ಕಟ್ಟಿಕೊಂಡು ಹೊಡೆಯಬೇಕು, ಅದೂ ಎರಡೆರಡು ಸಲ.

ಹಾಗಾದರೆ ಈ ಆಟಕ್ಕೆ ಸಮತೋಲ ಗೊತ್ತೇ ಇಲ್ಲವೇ? ಗೊತ್ತಿದೆ. 2016ರ ‘ಲೀಜನ್’ನ ಬ್ರೋಕನ್ ಶೋರ್ ಅದಕ್ಕೆ ಸಾಕ್ಷಿ. ಎರಡೂ ಬಣ ಒಂದೇ ತೀರದಲ್ಲಿ ದೆವ್ವಗಳ ಸೈನ್ಯದ ವಿರುದ್ಧ ಇಳಿಯುತ್ತವೆ. ಅಲಯನ್ಸಿನಲ್ಲಿ ಆಡಿದರೆ ಕೆಳಗಿನಿಂದ ತಲೆ ಎತ್ತಿ ನೋಡುತ್ತೀರಿ. ಗುಡ್ಡದ ಮೇಲೆ ಕಹಳೆ ಊದಿದ ಸದ್ದು, ಹೋರ್ಡ್ ಬೆನ್ನು ತಿರುಗಿಸಿ ಹೊರಟೇಬಿಟ್ಟಿತು, ರಾಜ ವೇರಿಯನ್ ಸತ್ತ. ದ್ರೋಹ! ಹೋರ್ಡಿನಲ್ಲಿ ಆಡಿದರೆ ಅದೇ ಗುಡ್ಡದ ಮೇಲೆ ನೀವಿರುತ್ತೀರಿ. ಹಿಂದಿನಿಂದ ದೆವ್ವಗಳು ನುಗ್ಗಿವೆ, ವೋಲ್‌ಜಿನ್‌ಗೆ ಈಟಿ ಚುಚ್ಚಿದೆ, ಜನರನ್ನು ಉಳಿಸು ಎಂದು ಅವನೇ ಸಿಲ್ವಾನಸ್‌ಗೆ ಹೇಳುತ್ತಾನೆ. ಆಗ ಊದಿದ ಕಹಳೆ ಅದು. ಒಂದೇ ಕಹಳೆ, ಎರಡು ಅರ್ಥ. ಇಬ್ಬರೂ ಕರ್ತೃ, ಇಬ್ಬರೂ ಕರ್ಮ. ನಾನೂ ಚಿಕ್ಕಪ್ಪನ ಮಗನೂ ಈ ವಿಷಯಕ್ಕೆ ಮೂರು ದಿನ ಫೋನಿನಲ್ಲಿ ಕಿತ್ತಾಡಿದ್ದೆವು, ಇಬ್ಬರೂ ಕಣ್ಣಾರೆ ಕಂಡಿದ್ದನ್ನೇ ಹೇಳುತ್ತಿದ್ದೆವು. ಇಂಥ ಇನ್ನೊಂದು ಜಗಳಕ್ಕೆ ಹತ್ತು ವರ್ಷದಿಂದ ಕಾಯುತ್ತಿದ್ದೇನೆ.

2024ರ ‘ದಿ ವಾರ್ ವಿದಿನ್’ ಬಗ್ಗೆ ಹೆಚ್ಚು ಹೇಳಲಾರೆ. ಆಂಡುಯಿನ್, ಅಲಯನ್ಸಿನ ಎಲ್ಫ್ ಅಲೇರಿಯಾ, ಜತೆಗೆ ನೋಡಲೂ ನಡೆಯಲೂ ಅಲಯನ್ಸಿನ ನೆಂಟರಂತಿರುವ ಅರಾಥಿಗಳು. ಗಾಬ್ಲಿನ್‌ಗಳ ಅಂಡರ್‌ಮೈನ್ ಬಂದಾಗ ಹೋರ್ಡಿನವರಿಗೆ ಉಸಿರಾಡಲು ಒಂದು ಕಿಟಕಿ ಸಿಕ್ಕಿತು, ಅಷ್ಟೇ.

ಈಗ ‘ಮಿಡ್‌ನೈಟ್’. ಕಥೆ ನಡೆಯುವುದು ಕ್ವೆಲ್‌ಥಲಾಸ್‌ನಲ್ಲಿ, ಅಂದರೆ ಬ್ಲಡ್ ಎಲ್ಫ್‌ಗಳ ನಾಡಿನಲ್ಲಿ. ಕತ್ತಲ ಕಡೆಯ ಖಳನಾಯಕಿ ಝಲತಾತ್‌ಗೆ ಅಲ್ಲಿನ ಸನ್‌ವೆಲ್ ಎಂಬ ಬೆಳಕಿನ ಚಿಲುಮೆ ಬೇಕು. 2007ರಿಂದ ಅರ್ಧ ಪಾಳುಬಿದ್ದು ನಿಂತಿದ್ದ ಸಿಲ್ವರ್‌ಮೂನ್ ನಗರವನ್ನು ಹೊಸದಾಗಿ ಕಟ್ಟಿದ್ದಾರೆ. ನಾನು ಈ ಆಟ ಶುರು ಮಾಡಿದ್ದೇ ಅಲ್ಲಿ. ಚಿನ್ನದ ಬಣ್ಣದ ಕಾಡಿನ ನಡುವೆ, ಅರ್ಥಾಸ್‌ನ ಹೆಣಗಳ ಸೈನ್ಯ ನಡೆದುಹೋದ ಜಾಗದಲ್ಲಿ, ಹುಲ್ಲು ಹುಟ್ಟದ ಒಂದು ಕರಿ ಗೀರು ಊರಿನ ಮಧ್ಯಕ್ಕೇ ಹೋಗುತ್ತಿತ್ತು. ಐದನೇ ಲೆವೆಲ್ಲಿನಲ್ಲಿ ಅದನ್ನು ದಾಟುವಾಗ ಸತ್ತಿದ್ದೇನೆ, ಎಷ್ಟು ಸಲ ಎಂದು ಕೇಳಬೇಡಿ.

ಹೋರ್ಡಿನವರು ಕುಣಿದಾಡಬೇಕಿತ್ತು. ಆದರೆ ಹೊಸ ನಗರದ ಬಾಗಿಲು ಅಲಯನ್ಸಿಗೂ ತೆರೆದಿದೆ, ಒಂದು ಭಾಗ ಮಾತ್ರ ಹೋರ್ಡಿಗೆ ಮೀಸಲು. ಕಥೆಯ ಮುಂಚೂಣಿಯಲ್ಲಿ ಅಲೇರಿಯಾ ಇದ್ದಾಳೆ, ಅವಳ ಮಗ ಅರಾಟರ್ ಇದ್ದಾನೆ. ಅಪ್ಪ ಟುರಾಲಿಯಾನ್ ಅಲಯನ್ಸಿನ ರಾಜಧಾನಿ ಸ್ಟಾರ್ಮ್‌ವಿಂಡಿನ ದೊಡ್ಡ ಮನುಷ್ಯ. ಮತ್ತೆ ಅದೇ ಮನೆತನ! ವ್ಯಾಕರಣದಲ್ಲೇ ಹೇಳುವುದಾದರೆ ಈ ಸಲ ಹೋರ್ಡಿಗೆ ಸಿಕ್ಕಿರುವುದು ಸಪ್ತಮಿ ವಿಭಕ್ತಿ. ಕಥೆ ‘ಸಿಲ್ವರ್‌ಮೂನಿನಲ್ಲಿ’ ನಡೆಯುತ್ತದೆ. ನಡೆಸುವವರು ಯಾರು ಎನ್ನುವುದೇ ನನ್ನ ತಕರಾರು.

ತಕರಾರು ಎಂದೆ, ಆದರೂ ಆಸೆ ಬಿಟ್ಟಿಲ್ಲ. ಯಾಕೆಂದರೆ ಈ ಮನೆಯಲ್ಲಿ ತೀರದ ಸಾಲ ಎರಡೂ ಕಡೆಗಿದೆ. ಅಲೇರಿಯಾ ಹಿಂದೊಮ್ಮೆ ಸನ್‌ವೆಲ್ ಹತ್ತಿರ ಹೋದಾಗ ಅವಳೊಳಗಿನ ಕತ್ತಲೆ ಅದನ್ನೇ ಕೆಡಿಸುವುದರಲ್ಲಿತ್ತು, ಬ್ಲಡ್ ಎಲ್ಫ್‌ಗಳ ನಾಯಕ ಲೊರ್ಥೆಮಾರ್ ಅವಳನ್ನು ಊರಿನಿಂದ ಆಚೆ ಹಾಕಿದ. ಅದಕ್ಕೂ ಹಿಂದೆ, 2012ರ ಹೊತ್ತಿನ ಕಥೆಯಲ್ಲಿ, ಅದೇ ಲೊರ್ಥೆಮಾರ್ ಹೋರ್ಡ್ ಬಿಟ್ಟು ಅಲಯನ್ಸಿಗೆ ಮರಳುವ ಗುಟ್ಟಿನ ಮಾತುಕತೆಯಲ್ಲಿದ್ದ. ಅಷ್ಟರಲ್ಲಿ ಜೈನಾ ಮಾಂತ್ರಿಕರ ನಗರ ದಲರಾನ್‌ನಿಂದ ಬ್ಲಡ್ ಎಲ್ಫ್‌ಗಳನ್ನು ಹೊಡೆದೋಡಿಸಿದಳು. ಇನ್ನೂ ಹಿಂದೆ ಹೋದರೆ, ಕೆಟ್ಟಿದ್ದ ಸನ್‌ವೆಲ್ಲಿಗೆ ಮತ್ತೆ ಬೆಳಕು ತುಂಬಿದವನು ವೆಲೆನ್, ಅಲಯನ್ಸಿನವನು. ಅನ್ನದ ಋಣವೂ ಇದೆ, ಮುರಿದ ಮಾತೂ ಇದೆ. ಬರೆಯುವವರು ಇದನ್ನೆಲ್ಲ ಮರೆತು ಝಲತಾತ್ ಒಬ್ಬಳನ್ನು ತೋರಿಸಿ ‘ಎಲ್ಲರೂ ಒಂದಾಗೋಣ’ ಎಂದರೆ ನನ್ನ ಮಟ್ಟಿಗೆ ಎರಡೂ ಬಣ ಸೋತ ಹಾಗೆ. ಅಲೇರಿಯಾ ಊರೊಳಗೆ ಕಾಲಿಟ್ಟಾಗ ಬೀದಿಯಲ್ಲಿ ನಿಂತ ಬ್ಲಡ್ ಎಲ್ಫ್ ಒಬ್ಬ ಅಲಯನ್ಸಿನವನಿಗೆ ಒಂದು ಮಾತು, ಹೋರ್ಡಿನವನಿಗೆ ಇನ್ನೊಂದು ಮಾತು ಆಡಿದರೆ ಸಾಕು. ಬ್ರೋಕನ್ ಶೋರ್‌ನ ಕಹಳೆ ಮತ್ತೆ ಕೇಳಿಸಿದಂತೆ.

ಮನೆ ಕಟ್ಟುವ ಹೊಸ ವ್ಯವಸ್ಥೆಯಲ್ಲಿ ಅಲಯನ್ಸಿನ ಬಡಾವಣೆ ಹಸಿರು ಹಸಿರು, ಹೋರ್ಡಿನದು ಕೆಂಪು ಮಣ್ಣು. ಕೆಂಪು ಮಣ್ಣೇ ನನಗಿಷ್ಟ, ಅದಕ್ಕೆ ಕಾರಣ ಕೊಡಲಾರೆ.

ನಾನು ಮಾಡಿದ್ದು ಇಷ್ಟು. ಬಣ ಬದಲಿಸಲು ಮತ್ತೆ ದುಡ್ಡು ಕಟ್ಟಿಲ್ಲ. ವಾರ್‌ಬ್ಯಾಂಡ್ ಬಂದ ಮೇಲೆ ಸಂಗ್ರಹ, ಗಳಿಸಿದ ಖ್ಯಾತಿ ಬಹುಪಾಲು ಅಕೌಂಟಿನ ಎಲ್ಲ ಕ್ಯಾರೆಕ್ಟರ್‌ಗಳಿಗೂ ಸಿಗುತ್ತದೆ, ಹಾಗಾಗಿ ಹೊಸ ಬ್ಲಡ್ ಎಲ್ಫ್ ಪ್ಯಾಲಡಿನ್ ಒಂದನ್ನು ಶುರುವಿನಿಂದ ಎತ್ತುತ್ತಿದ್ದೇನೆ. ದಿನಕ್ಕೆ ಒಂದು ಗಂಟೆ, ಮಗಳು ಮಲಗಿದ ಮೇಲೆ. ಮನುಷ್ಯ ಪ್ಯಾಲಡಿನ್ ಸ್ಟಾರ್ಮ್‌ವಿಂಡಿನ ಛತ್ರದಲ್ಲಿ ಕೂತಿರಲಿ. ನಿಮ್ಮ ಹತ್ತಿರ ವಾರಕ್ಕೆ ಹತ್ತು ಗಂಟೆ ಇದ್ದರೆ ಎರಡೂ ಬಣದಲ್ಲಿ ಒಂದೊಂದು ಇಟ್ಟುಕೊಳ್ಳಿ. ನನ್ನಂತೆ ಒಂದೇ ಗಂಟೆಯವರಾದರೆ, ತಪ್ಪು ಮಾಡುವ ಬಣವನ್ನು ಆರಿಸಿಕೊಳ್ಳಿ ಎನ್ನುತ್ತೇನೆ.

ಮೊನ್ನೆ ಚಿಕ್ಕಪ್ಪನ ಮಗ ಫೋನ್ ಮಾಡಿದ್ದ.

“ಅಣ್ಣಾ, ನಾನು ಸಿಲ್ವರ್‌ಮೂನಿಗೆ ಬಂದ್ರೆ ಕಾವಲಿನೋರು ಹೊಡೆಯಲ್ಲ ತಾನೆ?”

“ಬಾರೋ, ಆರಾಮಾಗಿ ಬಾ. ಒಂದು ಭಾಗ ನಮಗೇ ಅಂತ ಇಟ್ಟಿದಾರೆ, ಅಲ್ಲಿಗೆ ಮಾತ್ರ ಬರಬೇಡ.”

“ಬಂದ್ರೆ?”

“ನಾನೇನೂ ಮಾಡಲ್ಲಪ್ಪ. ನಿಂತ್ಕೊಂಡಿರ್ತೀನಿ ಅಷ್ಟೇ.”