ಅಪ್ಪನ ದುರ್ಬೀನು: ಐದು ತಿಂಗಳು ಬಳಸಿದ ಮೇಲೆ

ನಮ್ಮಪ್ಪ ಬಾಗಲಕೋಟೆಯ ಊರಂಚಿನ ಒಂದು ಆರೈಕೆ ಮನೆಯಲ್ಲಿದ್ದಾರೆ. ವಯಸ್ಸು 79. ಲಕ್ವಾ ಹೊಡೆದು ಎಡಗೈ, ಎಡಗಾಲು ಸ್ವಾಧೀನದಲ್ಲಿಲ್ಲ. ಅವರನ್ನು ಎತ್ತಿ ಕೂರಿಸೋದು ನನ್ನೊಬ್ಬಳ ಕೈಲಿ ಆಗಲಿಲ್ಲ, ಹಾಗಾಗಿ ಅಲ್ಲಿ ಸೇರಿಸಿದೆವು. ಆ ಕಟ್ಟಡದ ಮಹಡಿಯಿಂದ ಆಲಮಟ್ಟಿ ಹಿನ್ನೀರು ಕಾಣುತ್ತದೆ. ವೀಲ್‌ಚೇರ್ ಹತ್ತುವ ಲಿಫ್ಟ್ ಇದೆ. ಇವೆರಡನ್ನು ನೋಡಿಯೇ ಆ ಜಾಗ ಒಪ್ಪಿಕೊಂಡಿದ್ದೆ.

ನಾನು ದಿನಾ ಬೆಳಿಗ್ಗೆ ಮುಚಖಂಡಿ ಕೆರೆಯ ಏರಿ ಮೇಲೆ ನಡೆಯುತ್ತೇನೆ. ಬ್ರಿಟಿಷರ ಕಾಲದ ಕೆರೆ ಅದು. ನೀರಿರುವ ವರ್ಷ ಗುಳುಮುಳುಕ, ನಾಮದ ಕೋಳಿ, ಮಿಂಚುಳ್ಳಿ ಎಲ್ಲ ಸಿಗುತ್ತವೆ. ಸಂಜೆ ಐದಕ್ಕೆ ಅಪ್ಪನ ಹತ್ತಿರ ಹೋದರೆ ಮೊದಲ ಮಾತು ಒಂದೇ, "ಇವತ್ತೇನ್ ಕಂಡ್ಯವ್ವಾ?" ನಾನು ಹೇಳುತ್ತಿದ್ದೆ, ಅವರು ಕೇಳುತ್ತಿದ್ದರು. ಆದರೆ ಮಹಡಿ ಮೇಲೆ ಕೂತರೆ ನೀರಿನಂಚಿನ ಹಕ್ಕಿಗಳೆಲ್ಲ ಅವರಿಗೆ ಬರೀ ಚುಕ್ಕೆ. ಅದಕ್ಕೇ ಕಳೆದ ನವೆಂಬರ್‌ನಲ್ಲಿ ದುರ್ಬೀನು ಕೊಳ್ಳಲು ಹೊರಟೆ.

ಮೊದಲ ಸಲ ಮೋಸ ಹೋದೆ. ಒಂದು ಅಂಗಡಿಯಲ್ಲಿ "20×50, ಜಾಸ್ತಿ ಪವರ್ ಮೇಡಂ" ಅಂತ 1,800 ರೂಪಾಯಿಗೆ ಕೊಟ್ಟರು. ಅದರಲ್ಲಿ ನೋಡಿದರೆ ಹಿನ್ನೀರು ಕುದಿಯುವ ಹಾಗೆ ಅಲುಗುತ್ತಿತ್ತು. ಅಪ್ಪ ಎರಡು ನಿಮಿಷ ನೋಡಿ ತಲೆ ಸುತ್ತುತ್ತೆ ಅಂತ ಇಳಿಸಿಬಿಟ್ಟರು. ವಾಪಸ್ ತೆಗೆದುಕೊಳ್ಳಲಿಲ್ಲ. ಆಮೇಲೆ ಓದಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತೇನೆ. ಮನೆಯಲ್ಲಿ ಹಿರಿಯರಿದ್ದವರಿಗೆ ಬೇಕಾಗುತ್ತದೆ.

8×42 ಅಂದರೆ ಎಂಟು ಪಟ್ಟು ದೊಡ್ಡದಾಗಿ ಕಾಣುತ್ತದೆ, ಮುಂದಿನ ಗಾಜು 42 ಮಿಲಿಮೀಟರ್ ಅಗಲ. ಎಂಟು ಪಟ್ಟು ದೊಡ್ಡದಾದರೆ ಕೈಯ ನಡುಕವೂ ಎಂಟು ಪಟ್ಟು ಆಗುತ್ತದೆ. ಇಪ್ಪತ್ತಾದರೆ ನಡುಕವೂ ಇಪ್ಪತ್ತು. ಇನ್ನೊಂದು ಲೆಕ್ಕ ಬೆಳಕಿನದು. 42ನ್ನು 8ರಿಂದ ಭಾಗಿಸಿದರೆ 5.25. ಕಣ್ಣಿಗೆ ಬಂದು ಬೀಳುವ ಬೆಳಕಿನ ಬಿಲ್ಲೆ ಅಷ್ಟು ಮಿಲಿಮೀಟರ್ ಅಗಲ ಇರುತ್ತದೆ. 20×50ರಲ್ಲಿ ಅದು ಬರೀ 2.5. ಸಂಜೆ ಬೆಳಕು ಕಡಿಮೆಯಾದಾಗ ಅದು ಸಾಲುವುದಿಲ್ಲ, ಎಲ್ಲ ಮಂಕಾಗುತ್ತದೆ. ವಯಸ್ಸಾದವರ ಕಣ್ಣಿನ ಪಾಪೆ ಹರೆಯದವರಷ್ಟು ಹಿಗ್ಗುವುದಿಲ್ಲ. ಹಾಗಾಗಿ ಐದರ ಆಸುಪಾಸು ಇದ್ದರೆ ಅವರಿಗೆ ಧಾರಾಳವಾಯಿತು.

ಎರಡನೆಯದು 8×42, ಆನ್‌ಲೈನ್‌ನಲ್ಲಿ 8,900 ರೂಪಾಯಿ. ನೀರು ಒಳಗೆ ಹೋಗಲ್ಲ. ಒಳಗೆ ಸಾರಜನಕ ತುಂಬಿರುವುದರಿಂದ ಮಂಜಿನಲ್ಲೂ ಒಳಗಾಜು ಮಬ್ಬಾಗಲ್ಲ. ಕಂಪನಿ ಯಾವುದು ಅನ್ನೋದಕ್ಕಿಂತ ಈ ಅಳತೆ ಮುಖ್ಯ.

ಅಪ್ಪನಿಗೆ ಕನ್ನಡಕ ಇದೆ. ಕಣ್ಣು ಇಡುವ ಕಡೆಯ ರಬ್ಬರ್ ಬಟ್ಟಲನ್ನು ತಿರುಗಿಸಿ ಒಳಗಿಳಿಸಿದರೆ ಕನ್ನಡಕ ಹಾಕಿಕೊಂಡೇ ಪೂರ್ತಿ ನೋಟ ಸಿಗುತ್ತದೆ. ಕನ್ನಡಕದವರು ಕೊಳ್ಳುವ ಮುಂಚೆ ಇದನ್ನು ಹಾಕಿ ನೋಡಲೇಬೇಕು. ಅವರ ಬಲಗಣ್ಣಿಗೆ ಪೊರೆ ಆಪರೇಷನ್ ಆಗಿದೆ, ಎಡಗಣ್ಣಿಗೆ ಆಗಿಲ್ಲ, ಎರಡರ ದೃಷ್ಟಿ ಬೇರೆ ಬೇರೆ. ಅದಕ್ಕೂ ದಾರಿ ಇದೆ. ಬಲಗಣ್ಣು ಮುಚ್ಚಿ ನಡುವಿನ ಚಕ್ರದಿಂದ ಎಡಗಣ್ಣಿಗೆ ಸರಿ ಮಾಡಬೇಕು. ಆಮೇಲೆ ಎಡಗಣ್ಣು ಮುಚ್ಚಿ, ಬಲಗಡೆಯ ಸಣ್ಣ ಬಳೆ ತಿರುಗಿಸಬೇಕು. ಅಪ್ಪನ ಅಳತೆ ಸಿಕ್ಕ ಜಾಗಕ್ಕೆ ಉಗುರು ಬಣ್ಣದ ಚುಕ್ಕೆ ಇಟ್ಟಿದ್ದೇನೆ. ಅಲ್ಲಿನ ಅಕ್ಕಂದಿರು ಒರೆಸುವಾಗ ತಿರುಗಿಹೋದರೂ ಮತ್ತೆ ಅಲ್ಲಿಗೇ ತರಬಹುದು.

ನಿಜವಾದ ಕಷ್ಟ ತೂಕ. ಸುಮಾರು 650 ಗ್ರಾಂ. ಒಂದೇ ಕೈಯಲ್ಲಿ ಅಪ್ಪ ಅರ್ಧ ನಿಮಿಷವೂ ಹಿಡಿಯಲಾರರು. ಮೊದಲ ವಾರ ನಾನೇ ಹಿಂದೆ ನಿಂತು ಹಿಡಿಯುತ್ತಿದ್ದೆ. ಅವರಿಗೆ ಅದು ಇಷ್ಟವಾಗುತ್ತಿರಲಿಲ್ಲ, ಸುಮ್ನೆ ಸಹಿಸಿಕೊಳ್ಳುತ್ತಿದ್ದರು. ಆಮೇಲೆ ಗೊತ್ತಾಯಿತು: ಎರಡು ಕೊಳವೆಗಳ ನಡುವೆ, ಮುಂದುಗಡೆ ಒಂದು ಸಣ್ಣ ಮುಚ್ಚಳ ಇರುತ್ತದೆ. ಅದನ್ನು ತಿರುಗಿಸಿ ತೆಗೆದರೆ ಕಾಲಿಂಚಿನ ತಿರುಪಿನ ತೂತು. ಅಲ್ಲಿಗೆ ಎಲ್ ಆಕಾರದ ಅಡಾಪ್ಟರ್ ಹಾಕಿ ಕ್ಯಾಮೆರಾ ಸ್ಟ್ಯಾಂಡಿಗೆ ಕೂರಿಸಬಹುದು. ಅಡಾಪ್ಟರ್ 600 ರೂಪಾಯಿ. ಸ್ಟ್ಯಾಂಡ್ ನಮ್ಮಲ್ಲೇ ಇತ್ತು. ವೀಲ್‌ಚೇರ್ ಮುಂದೆ ಅದನ್ನು ಅವರ ಕಣ್ಣಿನ ಎತ್ತರಕ್ಕೆ ನಿಲ್ಲಿಸಿದೆ. ಈಗ ಅಪ್ಪ ಬಲಗೈಯಿಂದ ತಾವೇ ತಿರುಗಿಸಿಕೊಂಡು ನೋಡುತ್ತಾರೆ. ಯಾರನ್ನೂ ಕೇಳಬೇಕಾಗಿಲ್ಲ. ಈ ಖರೀದಿಯಲ್ಲಿ ಅತಿ ಬೆಲೆಬಾಳುವ ವಸ್ತು ಆ 600 ರೂಪಾಯಿಯ ತುಂಡು ಅಂತ ನನಗನಿಸುತ್ತದೆ.

ಡಿಸೆಂಬರ್ ಕೊನೆಗೆ ಪಟ್ಟೆತಲೆ ಹೆಬ್ಬಾತುಗಳು ಇಳಿದವು. ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಬರುವ ಹಕ್ಕಿಗಳು. ಬಿಳಿ ತಲೆಯ ಹಿಂದೆ ಎರಡು ಕಪ್ಪು ಪಟ್ಟೆ. ನೀರು ಸರಿದು ತೆರೆದ ನೆಲದಲ್ಲಿ ರೈತರು ಕಡಲೆ ಹಾಕಿದ್ದರು, ಅಲ್ಲಿಗೇ ಬಂದಿದ್ದವು. ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಪಟ್ಟಿ ಎರಡು ಅದಾವ. ನೀ ಹೇಳಿದ್ದು ಖರೇ ಐತಿ" ಅಂದರು.

ಅವರ ಊರು ಈ ನೀರಲ್ಲೇ ಹೋಗಿದೆ. ಹೊಲಕ್ಕೆ ಪರಿಹಾರ ಬಂತು, ನಾವು ನವನಗರಕ್ಕೆ ಬಂದೆವು. ಇಂದಿಗೂ ಅವರು ಪೇಪರಿನಲ್ಲಿ ಮೊದಲು ನೋಡುವುದು ಆಲಮಟ್ಟಿಯ ಮಟ್ಟ. 519.60 ಮೀಟರ್ ಆದರೆ ತುಂಬಿತು ಅಂತ ಅರ್ಥ. ಅಲ್ಲಿಂದ ಎಷ್ಟು ಇಳಿದರೆ ಯಾವ ಬಯಲು ಮೇಲೆ ಬರುತ್ತದೆ ಅನ್ನುವ ಲೆಕ್ಕ ಅವರ ತಲೆಯಲ್ಲಿದೆ. ಫೆಬ್ರವರಿಯಲ್ಲಿ ಒಂದು ಸಂಜೆ ಕಲ್ಲಿನ ಗುಪ್ಪೆಯೊಂದರ ಮೇಲೆ ನೀರುಕಾಗೆ ರೆಕ್ಕೆ ಹರಡಿ ಕೂತಿತ್ತು. ನಾನು ಹಕ್ಕಿ ತೋರಿಸಲು ಹೋದೆ. ಅವರು ನೋಡುತ್ತಿದ್ದದ್ದು ಕಲ್ಲನ್ನು. "ಅದು ಬಾವಿ ದಂಡಿ. ನಮ್ಮದಲ್ಲ, ಬಾಜೂ ಹೊಲದವರದು. ಇನ್ನೊಂದೀಟ ಎಡಕ್ಕ ಹೊಳ್ಳಸವ್ವಾ." ಎಡಕ್ಕೆ ಹೊಳ್ಳಿಸಿದೆ. ಅಲ್ಲಿ ಬರೀ ನೀರಿತ್ತು. ಅವರು ಅಲ್ಲೇ ನೋಡುತ್ತ ಕೂತರು, ಕತ್ತಲಾಗುವವರೆಗೂ. ನಾನೂ ಕೆಳಗೆ ಕರೆದೊಯ್ಯಲಿಲ್ಲ.

ಕೊರತೆಗಳೂ ಇವೆ. ಐದು ಮೀಟರಿಗಿಂತ ಹತ್ತಿರದ್ದು ಸ್ಪಷ್ಟವಾಗಿ ಕಾಣಲ್ಲ. ಕೋಣೆಯ ಕಿಟಕಿಯ ಹೊರಗೆ ದಾಸವಾಳಕ್ಕೆ ಸೂರಕ್ಕಿ ಬರುತ್ತದೆ, ಅದು ಅಪ್ಪನಿಗೆ ಮಸುಕು. ಮಳೆಗಾಲದಲ್ಲಿ ಮಹಡಿಗೆ ಹೋಗಲು ಆಗದಾಗ ಇದು ದೊಡ್ಡ ಕೊರತೆಯೇ. ಜೊತೆಗೆ ಬಂದ ಪಟ್ಟಿ ತೆಳ್ಳಗಿದೆ, ನಡೆಯುವಾಗ ಕುತ್ತಿಗೆ ಕೊರೆಯುತ್ತದೆ. ಗಾಜಿನ ಮುಚ್ಚಳ ಸಡಿಲ, ಒಂದನ್ನು ಕೆರೆ ಏರಿ ಮೇಲೆ ಕಳೆದುಕೊಂಡೆ. ಇನ್ನೊಂದು ಎಚ್ಚರ: ಸೂರ್ಯನ ಕಡೆ ಅಪ್ಪಿತಪ್ಪಿಯೂ ತಿರುಗಿಸಬಾರದು, ಕಣ್ಣೇ ಹೋದೀತು. ಅದಕ್ಕೇ ನಾನು ಸ್ಟ್ಯಾಂಡನ್ನು ಸೂರ್ಯನಿಗೆ ಬೆನ್ನು ಮಾಡಿಯೇ ಇಡುತ್ತೇನೆ.

ಚಂದ್ರನನ್ನು ನೋಡುವುದು ನಾನು ಎಣಿಸದೇ ಸಿಕ್ಕಿದ್ದು. ಅಷ್ಟಮಿಯ ಅರ್ಧ ಚಂದ್ರನಲ್ಲಿ ಬೆಳಕು ಕತ್ತಲೆ ಕೂಡುವ ಗೆರೆಯುದ್ದಕ್ಕೂ ಕುಳಿಗಳು ಕಾಣುತ್ತವೆ. ಪಕ್ಕದ ಕೋಣೆಯ ಅಜ್ಜಿ ನೋಡಿ ನನ್ನ ಕೈ ಹಿಡಿದುಕೊಂಡರು. ಈಗ ಚಂದ್ರ ಕಂಡ ದಿನ ಮಹಡಿ ಮೇಲೆ ನಾಲ್ಕೈದು ವೀಲ್‌ಚೇರ್ ಸೇರುತ್ತವೆ.

ಮಾರ್ಚ್‌ನಿಂದ ದುರ್ಬೀನು ಅಪ್ಪನ ಹತ್ತಿರವೇ ಇರುತ್ತದೆ. ಬೆಳಿಗ್ಗೆ ನಾನು ಏರಿ ಮೇಲೆ ಬರಿಗಣ್ಣಲ್ಲಿ ನಡೆಯುತ್ತೇನೆ. ಸಂಜೆ ಹೋದಾಗ ಅವರೇ ಮೊದಲು ಹೇಳುತ್ತಾರೆ, ಯಾವುದು ಬಂತು, ಎಷ್ಟಿದ್ದವು ಅಂತ. ನನಗೊಂದು 8×32 ನೋಡುತ್ತಿದ್ದೇನೆ, ತೂಕ ಕಡಿಮೆ ಇರಬೇಕು, ಎರಡು ಮೀಟರಿನ ಹತ್ತಿರದ್ದೂ ಕಾಣಬೇಕು. ಸೂರಕ್ಕಿಗೆ ಅದೇ ಬೇಕು. ಯಾರಾದರೂ ಬಳಸಿದ್ದರೆ ತಿಳಿಸಿ.