ಕಪನೂರಿನ ಡೈಕಾಸ್ಟಿಂಗ್ ಜಾಬ್‌ವರ್ಕ್: ಮಷೀನಿಗೆ ಪೂರ್ತಿ ಅಂಕ, ನೀರಿಗೆ ಸೊನ್ನೆ

ಕಲಬುರಗಿಯ ದಾಲ್‌ಮಿಲ್‌ಗಳಲ್ಲಿ ತೊಗರಿ ಹೊಟ್ಟಿನ ಧೂಳು ಹೊಗದ ಸಂದಿಯಿಲ್ಲ. ಮೋಟಾರಿನ ಟರ್ಮಿನಲ್ ಬಾಕ್ಸಿನೊಳಗೆ ಅದು ಇಳಿದು, ಟರ್ಮಿನಲ್ ಸುಟ್ಟು ಮಿಲ್ಲು ನಿಂತ ಮೇಲೆಯೇ ಬಾಕ್ಸಿನ ನೆನಪಾಗುವುದು. ಇಂಥ ಅಲ್ಯೂಮಿನಿಯಂ ಬಾಕ್ಸುಗಳನ್ನು ಗಿರಾಕಿಯ ಡೈ, ಅಂದರೆ ಉಕ್ಕಿನ ಅಚ್ಚು, ಹಾಕಿ ಅದಕ್ಕೆ ಕರಗಿದ ಲೋಹ ಒತ್ತಿ ಹೊಯ್ದುಕೊಡುವ ಒಂದು ಸಣ್ಣ ಘಟಕ ಹುಮನಾಬಾದ್ ರಸ್ತೆಯ ಕಪನೂರ ಕೈಗಾರಿಕಾ ಪ್ರದೇಶದಲ್ಲಿದೆ. ಹೆಸರು ಬೇಡ. ಜನವರಿಯಲ್ಲಿ 500, ಮೇ ತಿಂಗಳಲ್ಲಿ 500, ಹೀಗೆ ಎರಡು ಲಾಟ್ ನೋಡಿ ಬರೆದದ್ದಿದು. ಡೈ ಅದೇ, ಮಷೀನ್ ಅದೇ, ಆಪರೇಟರ್ ಕೂಡ ಅವನೇ. ಮಾಲು ಮಾತ್ರ ಬೇರೆ ಬೇರೆ.

ಮೊದಲು ಮಷೀನ್. ಡೈಯನ್ನು 180 ಟನ್ ಬಲದಿಂದ ಮುಚ್ಚಿಹಿಡಿಯುವ, ಕುಲುಮೆಯಿಂದ ಲೋಹ ತಂದು ಸುರಿಯುವ ಬಗೆಯ ಕೋಲ್ಡ್ ಚೇಂಬರ್. ಈ ಕೆಲಸಕ್ಕೆ ಇದು ಸಾಕೇ ಎಂದು ಲೆಕ್ಕ ಹಾಕಿ ನೋಡಬಹುದು. ಬಾಕ್ಸು 140ಕ್ಕೆ 110 ಮಿಮೀ, ಅಂದರೆ 154 ಚದರ ಸೆಂಮೀ. ಲೋಹ ಹರಿದು ಬರುವ ಕಾಲುವೆ (ರನ್ನರ್), ಹೆಚ್ಚಾದದ್ದು ಸೇರುವ ಗುಂಡಿ (ಓವರ್‌ಫ್ಲೋ) ಸೇರಿಸಿದರೆ ಸುಮಾರು 200. ಕೊನೆಯ ಒತ್ತಡ ಚದರ ಸೆಂಮೀಗೆ 500 ಕೆಜಿ ಇಟ್ಟರೆ ಡೈಯನ್ನು ತೆರೆಯಲು ನೋಡುವ ಬಲ 100 ಟನ್. ಇನ್ನೂ 20 ಟನ್ ಮೇಲಿಟ್ಟುಕೊಂಡರೂ ಮಷೀನಿಗೆ ಉಸಿರಾಡಲು ಜಾಗವಿದೆ. ಬಾಕ್ಸಿನ ಸುತ್ತ ಫ್ಲ್ಯಾಷ್, ಅಂದರೆ ಡೈಯ ಸಂದಿಯಿಂದ ಹೊರಬಂದ ತೆಳು ಲೋಹ, ಇಲ್ಲವೆಂಬಷ್ಟು ಕಡಿಮೆ ಬಂದದ್ದಕ್ಕೆ ಕಾರಣ ಇದೇ. ಇದಕ್ಕಿಂತ ದೊಡ್ಡ ಮೋಟಾರ್ ಕವರ್ ತೆಗೆದುಕೊಂಡು ಹೋಗುವವರು ಇದೇ ಲೆಕ್ಕವನ್ನು ಮನೆಯಲ್ಲೇ ಮಾಡಿಕೊಂಡು ಹೋಗಲಿ. ಅಲ್ಲಿ ಯಾರೂ ಮಾಡುವುದಿಲ್ಲ, "ಕೂಡ್ತದ ಬಿಡ್ರಿ" ಅನ್ನುತ್ತಾರೆ.

ಬೆಳಗಿನ ಶಿಸ್ತು ಮೆಚ್ಚುವಂಥದು. ಡೈಯನ್ನು ಗ್ಯಾಸ್ ಬರ್ನರ್‌ನಿಂದ ಕಾಸಿ, ಆಮೇಲೂ ಮೊದಲ ಹದಿನೈದು ಶಾಟ್ (ಒಂದೊಂದು ಸಲ ಲೋಹ ಒತ್ತಿ ತೆಗೆದ ಮಾಲು) ಎಣಿಸದೆ ಕುಲುಮೆಗೆ ವಾಪಸ್ ಹಾಕುತ್ತಾರೆ. ಡೈ 180 ಡಿಗ್ರಿ ಮುಟ್ಟುವ ಮುಂಚಿನ ಮಾಲಿನಲ್ಲಿ ಎರಡು ಕಡೆಯಿಂದ ಹರಿದು ಬಂದ ಲೋಹ ಕೂಡಿಕೊಳ್ಳದೆ ಕೂದಲಿನಂಥ ಗೆರೆ ಉಳಿಯುತ್ತದೆ. ಕೋಲ್ಡ್ ಶಟ್ ಅಂದರೆ ಅದೇ. ಅಂಥ ಬಾಕ್ಸು ಕೇಬಲ್ ಹಿಡಿಯುವ ಗ್ಲ್ಯಾಂಡ್ ಬಿಗಿಯುವಾಗ ಆ ಗೆರೆಗುಂಟ ಸೀಳುತ್ತದೆ. ಎರಡೂ ಲಾಟ್‌ನಲ್ಲಿ ಅಂಥದ್ದು ಒಂದೂ ಸಿಗಲಿಲ್ಲ.

ಇನ್ನು ಮೇ ತಿಂಗಳ ಲಾಟ್. ಅರ್ತಿಂಗ್ ಸ್ಕ್ರೂ ಕೂಡುವ ದಪ್ಪ ಉಬ್ಬು, ಅಂದರೆ ಬಾಸ್‌ನ ಹಿಂದೆ ಬೆರಳು ಆಡಿಸಿದರೆ ಸಣ್ಣ ತಗ್ಗು ಕೈಗೆ ಸಿಗುತ್ತದೆ. ಒಂದನ್ನು ಹ್ಯಾಕ್ಸಾದಿಂದ ಕೊಯ್ದು ನೋಡಿದಾಗ ಒಳಗೆ ಎರಡು ಜಾತಿಯ ತೂತು. ಬಾಸ್‌ನ ನಟ್ಟನಡುವೆ ಹರಕು ಮುರುಕಾದ, ಒಳಗೋಡೆ ಒರಟಾದ ಪೊಳ್ಳು. ಅದು ಕುಗ್ಗುವಿಕೆಯದು: ಸುತ್ತಲಿನ ಲೋಹ ಮೊದಲು ಗಟ್ಟಿಯಾಗಿ, ನಡುವಿನದಕ್ಕೆ ಹೊಸ ಲೋಹ ಸಿಗದೆ ಬಿಟ್ಟ ಖಾಲಿ. ಅದರಾಚೆ, ಗೋಡೆಯಲ್ಲಿ, ಸಾಸಿವೆ ಕಾಳಿನಂಥ ದುಂಡನೆಯ ತೂತುಗಳು, ಒಳಮೈ ನುಣ್ಣಗೆ ಮಿರಿಮಿರಿ. ಇವು ಗಾಳಿ ಅಥವಾ ಹಬೆ ಸಿಕ್ಕಿಬಿದ್ದದ್ದು. ಎರಡಕ್ಕೂ ಮದ್ದು ಬೇರೆ. ಹುಟ್ಟಿದ ಜಾಗ ಮಾತ್ರ ಇಲ್ಲಿ ಒಂದೇ, ಡೈ ತಣ್ಣಗಿಡಲು ಅದರೊಳಗೆ ಹರಿಸುವ ಕೂಲಿಂಗ್ ನೀರು.

ಇಲ್ಲಿನ ಬೋರ್ ನೀರಿನಲ್ಲಿ ಸುಣ್ಣದಂಶ ಹೆಚ್ಚು. ನೀರು ಕಾಸುವ ಪಾತ್ರೆಯ ತಳ ತಿಂಗಳೊಪ್ಪತ್ತಿನಲ್ಲಿ ಬೆಳ್ಳಗಾಗುತ್ತದೆ. ಅದೇ ಬೋರ್ ನೀರನ್ನು ಈ ಘಟಕದವರು ಸುಣ್ಣ ತೆಗೆಯುವ ಸಾಫ್ಟ್‌ನರ್ ಇಲ್ಲದೆ ನೇರ ಡೈಗೆ ಬಿಡುತ್ತಾರೆ. ಡೈ ಬಿಚ್ಚಿದಾಗ 8 ಮಿಮೀ ನೀರಿನ ತೂತಿನಲ್ಲಿ 5 ಮಿಮೀ ಡ್ರಿಲ್ ಬಿಟ್ ಕೂಡ ಸಲೀಸಾಗಿ ಹೋಗಲಿಲ್ಲ. ಆ ಬಿಳಿ ಪದರ ಉಕ್ಕಿಗಿಂತ ಎಷ್ಟೋ ಪಟ್ಟು ಕಡಿಮೆ ಶಾಖ ದಾಟಿಸುತ್ತದೆ. ಜನವರಿಯಲ್ಲಿ ತಣ್ಣೀರು ಹೇಗೋ ಸಂಭಾಳಿಸಿತು. ಮೇ ತಿಂಗಳಲ್ಲಿ ಮಾಳಿಗೆ ಮೇಲಿನ ಟ್ಯಾಂಕಿನ ನೀರೇ ಸ್ನಾನಕ್ಕೆ ಆಗುವಷ್ಟು ಬಿಸಿ. ಡೈಯಲ್ಲಿ ಬಾಸ್ ಇರುವ ಮೂಲೆ ಕಾದು, ಬಾಸ್‌ನ ನಡು ತಡವಾಗಿ ಗಟ್ಟಿಯಾಗಿ ಪೊಳ್ಳು ಬಿಟ್ಟಿದೆ; ಅಲ್ಯೂಮಿನಿಯಂ ಕೋರ್ ಪಿನ್ನಿಗೆ, ಅಂದರೆ ತೂತು ಮೂಡಿಸುವ ಡೈಯ ಕಡ್ಡಿಗೆ, ಅಂಟತೊಡಗಿದೆ. ಮಾಲು ಕಿತ್ತು ಬರಲೆಂದು ಆಪರೇಟರ್ ಡೈಕೋಟ್, ಅಂದರೆ ಲೋಹ ಅಂಟದಂತೆ ನೀರಿನಲ್ಲಿ ಕಲಸಿ ಹೊಡೆಯುವ ದ್ರವ, ಜಾಸ್ತಿ ಹೊಡೆದಿದ್ದಾನೆ. ಹೆಚ್ಚಾದ ನೀರು ಆರುವ ಮುಂಚೆ ಡೈ ಮುಚ್ಚಿದೆ, ಹಬೆ ಲೋಹದೊಳಗೆ ಸೇರಿದೆ. ಅವನದೇನೂ ತಪ್ಪಿಲ್ಲ, ಅವನ ಕೈಯಲ್ಲಿ ಇದ್ದದ್ದು ಸ್ಪ್ರೇ ಗನ್ ಒಂದೇ.

ಪರಿಣಾಮ ಕಂಡದ್ದು ಪೌಡರ್ ಕೋಟಿಂಗ್ ಓವನ್ನಿನಲ್ಲಿ. 180 ಡಿಗ್ರಿಯಲ್ಲಿ ಒಳಗಿನ ಗಾಳಿ ಹಿಗ್ಗಿ ಮೇಲ್ಮೈಯಲ್ಲಿ ಬೊಬ್ಬೆ ಎದ್ದವು. ಗ್ಲ್ಯಾಂಡ್ ತೂತಿಗೆ ತಿರುಪಿನ ಆಟೆ (ಎಳೆ) ಕೊರೆಯಲು ಟ್ಯಾಪ್ ಹಾಕಿದಾಗ ಆಟೆಗಳೇ ಮುರಿದು ಉದುರಿದವು. ಜನವರಿ ಲಾಟಿನಲ್ಲಿ ತಿರಸ್ಕರಿಸಿದ್ದು ಹತ್ತರೊಳಗೆ, ಮೇ ಲಾಟಿನಲ್ಲಿ ಅರವತ್ತರ ಮೇಲೆ. ತೋರಿಸಿದಾಗ ಸಿಕ್ಕ ಉತ್ತರ, "ಪುಟ್ಟಿ ಹಚ್ಚಿದ್ರ ಕಾಣಂಗಿಲ್ರಿ ಸಾಹೇಬ್ರ." ಕಾಣದಿರಬಹುದು, ಧೂಳಿಗೆ ದಾರಿ ಗೊತ್ತಿರುತ್ತದೆ. ಕೆಟ್ಟ ಮಾಲು ವಾಪಸ್ ತೆಗೆದುಕೊಂಡು ಹೊಸದಾಗಿ ಹೊಯ್ದುಕೊಟ್ಟರು ಎಂಬುದನ್ನೂ ಹೇಳಬೇಕು. ತಕರಾರಿಲ್ಲದೆ ಕೊಟ್ಟರು, ಆದರೆ ಮೂರು ವಾರ ಕಾಯಿಸಿ.

ಲೋಹದ ವಿಷಯದಲ್ಲಿ ದೂರಿಲ್ಲ. ಡೈಕಾಸ್ಟಿಂಗ್‌ನ ಅಲ್ಯೂಮಿನಿಯಂ ಮಿಶ್ರಲೋಹ ಎಡಿಸಿ 12ರ ಇಂಗಾಟ್ (ಗಟ್ಟಿ) ಕಣ್ಣೆದುರೇ ಹಾಕುತ್ತಾರೆ, ಕುಲುಮೆ 670 ಡಿಗ್ರಿ ಆಸುಪಾಸು. ರನ್ನರ್, ಬಿಸ್ಕಿಟ್ ವಾಪಸ್ ಹಾಕುವುದು ಎಲ್ಲ ಕಡೆ ಇದ್ದದ್ದೇ. ಅರ್ಧಕ್ಕಿಂತ ಹೆಚ್ಚಾಗದಂತೆ ಆರ್ಡರಿನಲ್ಲೇ ಬರೆಸಿ. ಬಿಸ್ಕಿಟ್ ಅಂದೆನಲ್ಲ, ಲೋಹ ಒತ್ತುವ ಪ್ಲಂಜರ್ ಮುಂದೆ ಉಳಿಯುವ ಆ ಬಿಲ್ಲೆಯ ದಪ್ಪ ನೋಡಿದರೆ ಲೋಹ ಮೊಗೆಯುವ ಲ್ಯಾಡಲ್ (ಸೌಟು) ಹಿಡಿದವನ ಕೈ ಗೊತ್ತಾಗುತ್ತದೆ. ಇಲ್ಲಿ ಪ್ರತಿ ಶಾಟಿಗೂ 20ರಿಂದ 25 ಮಿಮೀ. ಅದು 10 ಮಿಮೀಗೆ ಇಳಿದರೆ ಬೇಗ ಹೆಪ್ಪುಗಟ್ಟಿ, ಕೊನೆಯ ಒತ್ತಡ ಬಾಕ್ಸಿನವರೆಗೆ ಮುಟ್ಟುವುದೇ ಇಲ್ಲ. ಬಿಲ್ಲಿನಲ್ಲಿ ಮಾಲಿನ ತೂಕ, ಕರಗುವಾಗಿನ ನಷ್ಟ, ಶಾಟ್ ದರ ಮೂರನ್ನೂ ಬೇರೆ ಬೇರೆ ತೋರಿಸುತ್ತಾರೆ. ಫೆಟ್ಲಿಂಗ್, ಅಂದರೆ ಅಂಚು ಸವರುವ ಕೆಲಸ, ಪೂರ್ತಿ ಕೈಕಾನಸಿನದು (ಕೈ ಅರದ್ದು), ಮೂಲೆಗಳಲ್ಲಿ ಒಂದೊಂದು ಕಡೆ ಹೆಚ್ಚು ತಿಂದಿದೆ. ಗ್ಯಾಸ್ಕೆಟ್ ಕೂಡುವ ಮುಖಕ್ಕೆ ಕಾನಸು ಮುಟ್ಟಿಸಬೇಡಿ ಎಂದು ಮೊದಲೇ ಹೇಳಿ.

ಐದಕ್ಕೆ ಮೂರು ಅಂಕ. ಚಳಿಗಾಲದಲ್ಲಿ, ತೆಳುಗೋಡೆಯ ಮಾಲಿಗೆ, ಧೈರ್ಯವಾಗಿ ಕೊಡಬಹುದು. ದಪ್ಪ ಬಾಸ್ ಇರುವ ಮಾಲನ್ನು ಬೇಸಿಗೆಯಲ್ಲಿ ಕೊಡುವುದಾದರೆ ಡೈ ಏರಿಸುವ ಮುಂಚೆ ನೀರಿನ ತೂತುಗಳಿಗೆ ಸ್ಕೇಲ್ ತೆಗೆಯುವ ಆಮ್ಲ ಹರಿಸಿ, ಒಳಗೆ ಬಿಟ್ಟ ನೀರು ಆಚೆ ಕಡೆಯಿಂದ ಬಕೆಟ್ಟಿಗೆ ಬೀಳುವುದನ್ನು ನಿಂತು ನೋಡಿ. ಡೈ ನಿಮ್ಮದು. ಕೋರ್ ಪಿನ್ ಮುರಿದರೆ ಹೈದರಾಬಾದಿಗೆ ಹೊತ್ತೊಯ್ಯಬೇಕಾದವರೂ ನೀವೇ.