ಮುಚ್ಚಿಟ್ಟ ಟಾಕಿಯ ನೀರನ್ನು ನಂಬಬೇಡಿ

ಹಿತ್ತಲಲ್ಲೋ ತಾರಸಿಯ ಮೂಲೆಯಲ್ಲೋ ‘ಆಪತ್ತಿಗೆ ಇರಲಿ’ ಎಂದು ಒಂದು ಟಾಕಿ ನೀರು ತುಂಬಿಸಿಟ್ಟು, ತಿಂಗಳುಗಟ್ಟಲೆ ಅದರ ಮುಚ್ಚಳ ತೆರೆಯದೆ ನೆಮ್ಮದಿಯಾಗಿ ಇರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. 2025ರ ಮೇ ತಿಂಗಳಲ್ಲಿ ಅಂಥದೇ ನೀರು ನನ್ನ ಅವ್ವನನ್ನು ನಾಲ್ಕು ದಿನ ಆಸ್ಪತ್ರೆಯಲ್ಲಿ ಮಲಗಿಸಿತು. ಆ ನೀರನ್ನು ತುಂಬಿಸಿಟ್ಟವನು ನಾನು. ಅದನ್ನು ಮೊಸರಿಗೆ ಬೆರೆಸಿ, ಮಜ್ಜಿಗೆ ಮಾಡಿ ಅವಳ ಕೈಗೆ ಕೊಟ್ಟವನೂ ನಾನೇ.

ನಮ್ಮದು ಜಮಖಂಡಿ ಕಡೆ. ಪುಣೆಗೆ ಬಂದು 14 ವರ್ಷವಾಯಿತು. ಮನೆ ಧಾಯರಿಯಲ್ಲಿ, ಸಿಂಹಗಡ ರಸ್ತೆಯಿಂದ ಸ್ವಲ್ಪ ಒಳಗೆ. 2025ರ ಜನವರಿಯಲ್ಲಿ ಈ ಭಾಗದ ಹೆಸರು ದೇಶದ ಪತ್ರಿಕೆಗಳಲ್ಲೆಲ್ಲ ಬಂದಿತ್ತು. ಕಿರ್ಕಟವಾಡಿ, ನಾಂದೇಡ್, ಖಡಕವಾಸ್ಲಾ, ಧಾಯರಿ ಸುತ್ತಮುತ್ತ ಒಬ್ಬರ ಹಿಂದೆ ಒಬ್ಬರು ಗಿಯಾನ್ ಬಾರೆ ಸಿಂಡ್ರೋಮ್, ಅಂದರೆ ಜಿಬಿಎಸ್ ಎಂಬ ನರಗಳ ಕಾಯಿಲೆ, ತಗುಲಿ ಆಸ್ಪತ್ರೆ ಸೇರಿದರು. ಮೊದಲು ಭೇದಿ, ಆಮೇಲೆ ಕಾಲು ಜೋಮು, ಆಮೇಲೆ ಏಳಲಾಗದ ಸ್ಥಿತಿ. ಕೆಲವರಿಗೆ ಉಸಿರಾಟಕ್ಕೆ ವೆಂಟಿಲೇಟರ್ ಬೇಕಾಯಿತು. ಶಂಕಿತ ಪ್ರಕರಣಗಳು ಇನ್ನೂರು ದಾಟಿದವು. ಹಲವು ರೋಗಿಗಳ ಮಲದ ಮಾದರಿಯಲ್ಲಿ ಕ್ಯಾಂಪಿಲೋಬ್ಯಾಕ್ಟರ್ ಜೆಜುನಿ ಎಂಬ ಬ್ಯಾಕ್ಟೀರಿಯಾ ಸಿಕ್ಕಿತು. ಕಲುಷಿತ ನೀರೇ ಕಾರಣವಿರಬೇಕು ಎಂಬ ಮಾತು ಎಲ್ಲ ಕಡೆ ಹಬ್ಬಿತು. ಆ ದಿನಗಳಲ್ಲಿ ನಮ್ಮ ಓಣಿಯಲ್ಲಿ ನಳದ ನೀರನ್ನು ಮುಟ್ಟುವುದಕ್ಕೇ ಜನ ಹೆದರುತ್ತಿದ್ದರು.

ಆ ಹೆದರಿಕೆಯಿಂದಲೇ ನಾನು ಟಾಕಿ ಕೊಂಡದ್ದು. ಫೆಬ್ರುವರಿಯ ಕೊನೆಗೆ ನೀರು ಮತ್ತೆ ಸರಿಯಾಗಿ ಬರತೊಡಗಿತ್ತು, ಕ್ಲೋರಿನ್ ವಾಸನೆ ಮೂಗಿಗೆ ಬಡಿಯುವಷ್ಟಿತ್ತು. ಈಗಲೇ ಒಂದು ಟಾಕಿ ತುಂಬಿಸಿಟ್ಟರೆ ಬೇಸಿಗೆಯಲ್ಲಿ ನೀರು ನಿಂತಾಗ ಚಿಂತೆಯಿಲ್ಲ ಎಂದುಕೊಂಡೆ. ಬಾಯಾರಿದಾಗ ಬಾವಿ ತೋಡುವವನು ನಾನಾಗಬಾರದು ಎಂಬುದೇ ನನ್ನ ಲೆಕ್ಕವಾಗಿತ್ತು. ಅಂಗಡಿಯಾತ ಬಿಳಿ ಟಾಕಿ ತೋರಿಸಿ, ಬಿಸಿಲಿಗೆ ನೀರು ತಂಪಾಗಿರುತ್ತದೆ ಎಂದ. ಒಂದೇ ಪದರದ್ದು, ಬೆಲೆಯೂ ಕಡಿಮೆ. 1000 ಲೀಟರಿನ ಆ ಟಾಕಿಯನ್ನು ಹಿತ್ತಲ ಗೋಡೆಗೆ ಒತ್ತಿ, ಬೇವಿನ ಮರದ ಪಕ್ಕ, ನಾಲ್ಕು ಸಾಲು ಇಟ್ಟಿಗೆಯ ಮೇಲೆ ಕೂರಿಸಿದೆ. ನಳಕ್ಕೆ ಪೈಪು ಹಚ್ಚಿ ಕಂಠಮಟ್ಟ ತುಂಬಿಸಿ ಮುಚ್ಚಳ ಹಾಕಿದೆ. ಮನೆಯ ಬಳಕೆಯ ನೀರು ಎಂದಿನಂತೆ ತಾರಸಿಯ ಹಳೆಯ ಟಾಕಿಯಿಂದಲೇ ಬರುತ್ತಿತ್ತು. ಹಿತ್ತಲ ಟಾಕಿಯನ್ನು ಯಾರೂ ಮುಟ್ಟಬಾರದು ಎಂದು ಮಕ್ಕಳಿಗೆ ತಾಕೀತು ಮಾಡಿದ್ದೆ. ನೀರನ್ನು ಕಾಪಾಡುತ್ತಿದ್ದೇನೆ ಎಂದು ನಂಬಿದ್ದೆ. ಆದರೆ ನೀರು ಕೆಡುವುದಕ್ಕೆ ಏನೇನು ಬೇಕೋ ಅದನ್ನೆಲ್ಲ ನಾನೇ ಹೊಂದಿಸಿಕೊಟ್ಟಿದ್ದೆ.

ದುರಸ್ತಿಗೆಂದು ಗುರುವಾರ ನೀರು ನಿಲ್ಲಿಸುವುದು ಪುಣೆಗೆ ಹೊಸದಲ್ಲ. ಶುಕ್ರವಾರವೂ ಎಳೆಯಾಗಿ ಬರುತ್ತದೆ. ಮೇ ತಿಂಗಳ ಆ ವಾರ ಗುರುವಾರದ ನಿಲುಗಡೆಯ ಜೊತೆಗೆ ಗುಡುಗು ಮಳೆಯೂ ಸೇರಿಕೊಂಡಿತು. ವಿದ್ಯುತ್ ಹೋಯಿತು. ಪಂಪ್ ಇಲ್ಲ, ಅಡುಗೆಮನೆಯ ಶುದ್ಧೀಕರಣ ಯಂತ್ರವೂ ನಿಂತಿತು. ಶುಕ್ರವಾರ ಸಂಜೆಯ ಹೊತ್ತಿಗೆ ತಾರಸಿಯ ಟಾಕಿ ಬರಿದಾಯಿತು. ಹಿತ್ತಲಿಗೆ ಹೋಗಿ ಹೊಸ ಟಾಕಿಯ ನಳ ತಿರುಗಿಸಿದೆ. ಬಿಂದಿಗೆಗೆ ಬಿದ್ದ ನೀರು ತಿಳಿಯಾಗಿಯೇ ಇತ್ತು. ಮಳೆ ಬಿದ್ದ ಮಣ್ಣಿನಂಥ ಸಣ್ಣ ವಾಸನೆ ಬಂದದ್ದು ನಿಜ, ಹೊರಗೆ ಮಳೆಯಾಗಿತ್ತಲ್ಲ, ಅದರದ್ದೇ ಎಂದುಕೊಂಡೆ.

ಕುಡಿಯುವ ನೀರನ್ನು ನನ್ನ ಹೆಂಡತಿ ಬಟ್ಟೆಯಲ್ಲಿ ಸೋಸಿ ಕುದಿಸಿದಳು. ಆ ಬಗ್ಗೆ ನಾವು ಎಚ್ಚರವಾಗಿದ್ದೆವು. ಆದರೆ ಬಾಯಿಗೆ ಹೋಗುವ ನೀರೆಂದರೆ ಲೋಟದ ನೀರಷ್ಟೇ ಅಲ್ಲ. ಕೊತ್ತಂಬರಿ ತೊಳೆದದ್ದು, ಮಗ ಬಾಯಿ ಮುಕ್ಕಳಿಸಿದ್ದು, ಊಟದ ತಟ್ಟೆ ತೊಳೆದು ಒದ್ದೆಯಾಗಿಯೇ ಬಡಿಸಿದ್ದು ಎಲ್ಲವೂ ಹಸಿ ನೀರಿನಲ್ಲೇ. ಶನಿವಾರ ಮಧ್ಯಾಹ್ನ ಅವ್ವ, “ಏ ತಮ್ಮಾ, ಒಂದು ಲೋಟ ಮಜ್ಜಿಗೆ ಕೊಡು” ಎಂದಳು. ಊರಿಂದ ಬಂದು ಎರಡು ವಾರವಾಗಿತ್ತು, ಸೆಕೆಗೆ ಊಟವೇ ಸೇರುತ್ತಿರಲಿಲ್ಲ. ಕುದಿಸಿದ ನೀರು ಇನ್ನೂ ಬಿಸಿಯಿತ್ತು. ನಾನು ಬಿಂದಿಗೆಯಿಂದ ತಣ್ಣನೆಯ ನೀರು ತೆಗೆದು ಮೊಸರಿಗೆ ಹಾಕಿದೆ. ಸಂಜೆ ಇನ್ನೊಂದು ಲೋಟ ಕೊಟ್ಟೆ.

ಸೋಮವಾರ ನಸುಕಿಗೆ ಭೇದಿ ಶುರುವಾಯಿತು. ಮಧ್ಯಾಹ್ನದ ಹೊತ್ತಿಗೆ ಅವ್ವನ ನಾಲಿಗೆ ಒಣಗಿ ಮಾತು ತೊದಲುತ್ತಿತ್ತು. ಅವಳಿಗೆ 68 ವರ್ಷ, ರಕ್ತದೊತ್ತಡದ ಗುಳಿಗೆ ಬೇರೆ. ಆಸ್ಪತ್ರೆಗೆ ಕರೆದೊಯ್ದಾಗ ಒತ್ತಡ ತೀರ ಇಳಿದಿತ್ತು, ಮೂತ್ರಪಿಂಡದ ಮೇಲೆ ಒತ್ತಡ ಬಿದ್ದಿದೆ ಎಂದು ರಕ್ತಪರೀಕ್ಷೆ ಹೇಳಿತು. ಸಲೈನ್ ಏರಿಸಿದರು. ಮಗನಿಗೂ ಎರಡು ದಿನ ಹೊಟ್ಟೆ ಕೆಟ್ಟಿತ್ತು, ಅವನು ಓಆರ್‌ಎಸ್‌ನಿಂದಲೇ ಚೇತರಿಸಿಕೊಂಡ. ಕುದಿಸಿದ ನೀರನ್ನಷ್ಟೇ ಕುಡಿದಿದ್ದ ನನಗೂ ಹೆಂಡತಿಗೂ ಏನೂ ಆಗಲಿಲ್ಲ.

ಅವ್ವನನ್ನು ಮನೆಗೆ ಕಳುಹಿಸುವಾಗ ವೈದ್ಯರು ಹೇಳಿದ ಮಾತು ನನ್ನ ಎದೆಯನ್ನು ಹಿಂಡಿತು: “ಮುಂದಿನ ಮೂರು ವಾರ ಇವರ ಕಾಲುಗಳ ಮೇಲೆ ಕಣ್ಣಿಡಿ. ಜೋಮು, ನಿಶ್ಶಕ್ತಿ ಕಂಡರೆ ತಕ್ಷಣ ಬನ್ನಿ.” ಜಿಬಿಎಸ್ ಹಾಗೆಯೇ ಬರುವುದು, ಭೇದಿ ನಿಂತು ಒಂದೆರಡು ವಾರ ಕಳೆದ ಮೇಲೆ. ಯಾವ ಭಯಕ್ಕೆ ಟಾಕಿ ತಂದಿದ್ದೆನೋ ಆ ಭಯವನ್ನು ಟಾಕಿಯೇ ಮನೆಯೊಳಗೆ ತಂದಿತ್ತು. ಪ್ರತಿ ಬೆಳಿಗ್ಗೆ ಅವ್ವನನ್ನು ಕುರ್ಚಿಯಿಂದ ಎಬ್ಬಿಸಿ ಬಾಗಿಲ ತನಕ ನಡೆಸಿ ನೋಡುತ್ತಿದ್ದೆ. ಅವಳಿಗೆ ಏನೂ ಆಗಲಿಲ್ಲ. ಆದರೂ ಆ ಇಪ್ಪತ್ತೊಂದು ದಿನಗಳನ್ನು ಯಾರಿಗೂ ಬಯಸುವುದಿಲ್ಲ.

ಆಸ್ಪತ್ರೆಯಿಂದ ಬಂದ ಮರುದಿನ ಟಾಕಿಯ ಮುಚ್ಚಳ ತೆಗೆದೆ. ಮಧ್ಯಾಹ್ನ ಹನ್ನೆರಡರ ಬಿಸಿಲು. ಒಳಗೋಡೆಯೆಲ್ಲ ಹಾಲಿನ ಗಾಜಿನಂತೆ ಬೆಳಗುತ್ತಿತ್ತು. ಬೆಳಕು ಆ ತೆಳುವಾದ ಪ್ಲಾಸ್ಟಿಕ್ ದಾಟಿ ಸಲೀಸಾಗಿ ಒಳಗೆ ಬರುತ್ತಿತ್ತು. ಬಿಸಿಲು ಬೀಳುವ ಕಡೆ ಅಂಗೈಯಷ್ಟು ಅಗಲದ ಹಸಿರು ಪಾಚಿ ಪಟ್ಟೆ ಪಟ್ಟೆಯಾಗಿ ಹಬ್ಬಿತ್ತು. ಕೈ ಅದ್ದಿದರೆ ನೀರು ಸ್ನಾನಕ್ಕೆ ಕಾಯಿಸಿದಷ್ಟು ಬೆಚ್ಚಗಿತ್ತು. ಗೋಡೆ ಸವರಿದರೆ ಬೆರಳಿಗೆ ಲೋಳೆ. ತಳದಲ್ಲಿ ಬೇವಿನ ಎಲೆ, ಇರುವೆ, ಒಂದು ಸತ್ತ ಹಲ್ಲಿ, ಅವುಗಳ ಸುತ್ತ ಕಂದು ರಾಡಿ. ಗಾಳಿ ಹೊಗುವ ರಂಧ್ರಕ್ಕೂ ತುಂಬಿ ಹರಿಯುವ ಪೈಪಿಗೂ ಜಾಲರಿ ಇರಲಿಲ್ಲ. ಮುಚ್ಚಳದ ತಿರುಪು ಒಂದು ಕಡೆ ಸೀಳಿ, ಅದರ ಮೇಲೆ ಪಾರಿವಾಳದ ಹಿಕ್ಕೆ ಮಳೆಗೆ ಕರಗಿ ಒಳಗೆ ಇಳಿದ ಗುರುತು ಕಾಣುತ್ತಿತ್ತು. ಹೊರಗಿನ ನಳ ತಳದಿಂದ ಎರಡು ಬೆರಳು ಮೇಲಿದ್ದುದರಿಂದ ರಾಡಿ ಕೆಳಗೇ ಕೂತು, ಮೇಲಿನ ತಿಳಿ ನೀರಷ್ಟೇ ಬಿಂದಿಗೆಗೆ ಬಂದಿತ್ತು. ತಿಳಿಯಾಗಿದೆ ಎಂಬ ಒಂದೇ ಕಾರಣಕ್ಕೆ ನಾನು ಅದನ್ನು ನಂಬಿದ್ದೆ.

ನೀರು ಪರೀಕ್ಷೆಗೆ ಸಿಗುವ ಹೈಡ್ರೋಜನ್ ಸಲ್ಫೈಡ್ ಬಾಟಲಿಯ ಬಗ್ಗೆ ಊರಿನ ಶಾಲಾ ಮಾಸ್ತರೊಬ್ಬರು ಫೋನಿನಲ್ಲಿ ಹೇಳಿದರು. ಗುರುತಿನ ಗೆರೆಯವರೆಗೆ ನೀರು ತುಂಬಿಸಿ, ಬೆಚ್ಚಗಿನ ಜಾಗದಲ್ಲಿ ಒಂದೆರಡು ದಿನ ಇಡಬೇಕು. ನೀರು ಕಪ್ಪಾದರೆ ಮಲದ ಸೋಂಕು ಇದೆಯೆಂದು ಅನುಮಾನಿಸಬೇಕು. ತಾರಸಿಯ ಟಾಕಿಯ ನೀರಿನ ಬಾಟಲಿ ಹಾಗೆಯೇ ಉಳಿಯಿತು. ಹಿತ್ತಲ ಟಾಕಿಯದ್ದು ಮರುದಿನ ಬೆಳಿಗ್ಗೆಯೇ ಇದ್ದಲಿನಂತೆ ಕಪ್ಪಾಗಿತ್ತು. ಅದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನಿಂತಿದ್ದೆ.

ಎರಡು ಟಾಕಿಗೂ ತುಂಬಿದ್ದು ಒಂದೇ ನಳದ ನೀರು. ಹಾಗಾದರೆ ಹಿತ್ತಲಿನದು ಮಾತ್ರ ಯಾಕೆ ಕೆಟ್ಟಿತು? ಇದನ್ನು ನನಗೆ ಬಿಡಿಸಿ ಹೇಳಿದವನು ಕಲಬುರಗಿ ಕಡೆಯ ಒಬ್ಬ ಪ್ಲಂಬರ್. “ಅಣ್ಣಾ, ಮೇಲಿನ ಟಾಕಿಯ ನೀರು ದಿನವೂ ಬದಲಾಗುತ್ತದೆ. ಇದು ಮೂರು ತಿಂಗಳಿಂದ ನಿಂತ ನೀರು. ನೀವು ಇದನ್ನು ಉಳಿಸಿಲ್ಲ, ಕೊಳೆಹಾಕಿದ್ದೀರಿ” ಎಂದ. ಮಾತು ಒರಟಾಗಿತ್ತು, ಆದರೆ ಅಷ್ಟು ನೇರವಾಗಿ ನನಗೆ ಯಾರೂ ಹೇಳಿರಲಿಲ್ಲ.

ನಳದ ನೀರಿನ ರಕ್ಷಣೆಗೆ ಇರುವುದು ಅದರಲ್ಲಿ ಉಳಿದ ಕ್ಲೋರಿನ್. ಕುಡಿಯುವ ನೀರಿಗೆ ಇರುವ ಭಾರತೀಯ ಮಾನದಂಡದ ಪ್ರಕಾರ ಅದು ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಇರಬೇಕು. ಆದರೆ ಅದು ಉಪ್ಪಿನಂತೆ ನೀರಲ್ಲಿ ಉಳಿಯುವ ವಸ್ತುವಲ್ಲ. ಬಿಸಿಲು, ಸೆಕೆ, ಲೋಳೆ, ಎಲೆ, ಹೂಳು ಎಲ್ಲವೂ ಅದನ್ನು ತಿನ್ನುತ್ತವೆ. ಪುಣೆಯ ಬೇಸಿಗೆಯಲ್ಲಿ ಬಯಲಿಗಿಟ್ಟ ಟಾಕಿಯಲ್ಲಿ ಅದು ಕೆಲವೇ ದಿನಗಳ ಮಾತು. ಅದು ಮುಗಿದ ಮೇಲೆ ಒಂದು ಹಕ್ಕಿಯ ಹಿಕ್ಕೆಯೂ ಸಾಕು. ಫೆಬ್ರುವರಿಯಲ್ಲಿ ಮೂಗಿಗೆ ಬಡಿದ ಆ ವಾಸನೆಯ ಭರವಸೆಯಲ್ಲಿ ನಾನು ಮೇ ತನಕ ಕುಳಿತಿದ್ದೆ.

ಈಗ ಹಿತ್ತಲಲ್ಲಿರುವುದು ಒಳಗೆ ಕಪ್ಪು ಪದರವಿರುವ ಟಾಕಿ, ಮೇಲೆ ತಗಡಿನ ನೆರಳು. ಅದಕ್ಕಿಂತ ದೊಡ್ಡ ಬದಲಾವಣೆ ಪೈಪಿನದು. ನಳದ ನೀರು ಮೊದಲು ಈ ಟಾಕಿಗೇ ಬರುತ್ತದೆ, ಇಲ್ಲಿಂದ ಪಂಪಿನಲ್ಲಿ ತಾರಸಿಗೆ ಏರುತ್ತದೆ. ಒಳಬರುವ ಪೈಪು ಒಂದು ಬದಿಗೆ, ಹೊರಹೋಗುವುದು ಎದುರು ಬದಿಗೆ. ಎರಡೂ ಒಂದೇ ಕಡೆ ಇದ್ದರೆ ಹೊಸ ನೀರು ಬಂದ ದಾರಿಯಲ್ಲೇ ಹೊರಟುಹೋಗಿ, ಆಚೆ ಮೂಲೆಯ ನೀರು ನಿಂತೇ ಇರುತ್ತದೆ. ಮನೆಯ ದಿನದ ಬಳಕೆಯೆಲ್ಲ ಇದರ ಮೂಲಕವೇ ಹಾಯುವುದರಿಂದ ಎರಡು ಮೂರು ದಿನಕ್ಕೊಮ್ಮೆ ಪೂರ್ತಿ ನೀರು ಹೊಸದಾಗುತ್ತದೆ. ನೀರು ನಿಂತ ದಿನವೂ ಟಾಕಿಯಲ್ಲಿ ನೀರು ಇದ್ದೇ ಇರುತ್ತದೆ, ಅದೂ ತಾಜಾ ನೀರು. ಖರ್ಚಾದದ್ದು ಕೆಲವು ಅಡಿ ಪೈಪು, ಎರಡು ವಾಲ್ವ್, ಅರ್ಧ ದಿನದ ಕೂಲಿ. ತಳಕ್ಕೆ ಸರಿಯಾಗಿ ರಾಡಿ ಬಿಡಲು ಇನ್ನೊಂದು ನಳ ಹಚ್ಚಿಸಿದ್ದೇನೆ, ರಂಧ್ರಗಳಿಗೆಲ್ಲ ಸೊಳ್ಳೆ ಜಾಲರಿ ಬಿಗಿದಿದ್ದೇನೆ. ಡೆಂಗಿ ಹರಡುವ ಸೊಳ್ಳೆಗೆ ನಿಂತ ತಿಳಿ ನೀರೆಂದರೆ ಇಷ್ಟ. ಮೊಟ್ಟೆಯಿಂದ ಸೊಳ್ಳೆಯಾಗಲು ಸುಮಾರು ಎಂಟು ಹತ್ತು ದಿನ ಸಾಕು. ಮೊಟ್ಟೆಗಳು ಒಣಗಿದ ಗೋಡೆಗೆ ಅಂಟಿಕೊಂಡು ತಿಂಗಳುಗಟ್ಟಲೆ ಬದುಕಿರುತ್ತವೆ. ಆದ್ದರಿಂದ ನೀರು ಚೆಲ್ಲಿ ಮತ್ತೆ ತುಂಬಿಸಿದರೆ ಆಗದು, ಗೋಡೆಯನ್ನು ಗಟ್ಟಿ ಬ್ರಷ್‌ನಿಂದ ಉಜ್ಜಲೇಬೇಕು.

ಬ್ಲೀಚಿಂಗ್ ಪೌಡರಿನ ವಿಷಯದಲ್ಲಿ ಒಂದೆರಡು ಮಾತು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. 1000 ಲೀಟರ್ ತಿಳಿ ನೀರಿಗೆ ಒಳ್ಳೆಯ ಪೌಡರ್ ಸುಮಾರು ಎರಡೂವರೆ ಗ್ರಾಂ ಸಾಕು. ಅದನ್ನು ಹಾಗೆಯೇ ಟಾಕಿಗೆ ಎರಚಬೇಡಿ. ಬಕೆಟ್ ನೀರಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಕೂರುವವರೆಗೆ ಬಿಟ್ಟು, ಮೇಲಿನ ತಿಳಿಯನ್ನಷ್ಟೇ ಸುರಿಯಿರಿ. ಆಮೇಲೆ ಒಂದು ತಾಸು ಆ ನೀರನ್ನು ಮುಟ್ಟಬೇಡಿ. ತೇವ ಹಿಡಿದು ಗಂಟುಗಟ್ಟಿದ ಹಳೆಯ ಪೊಟ್ಟಣದಲ್ಲಿ ಕ್ಲೋರಿನ್ ಉಳಿದಿರುವುದಿಲ್ಲ. ಶೌಚಾಲಯ ತೊಳೆಯುವ ಆಮ್ಲದ ಜೊತೆ ಇದನ್ನು ಎಂದಿಗೂ ಸೇರಿಸಬಾರದು, ಉಸಿರು ಕಟ್ಟಿಸುವ ವಿಷಾನಿಲ ಏಳುತ್ತದೆ. ನೆಲದೊಳಗಿನ ಸಂಪನ್ನು ತೊಳೆಯಲು ಒಬ್ಬರೇ ಇಳಿಯುವುದಂತೂ ಬೇಡವೇ ಬೇಡ, ಮುಚ್ಚಿದ ಸಂಪಿನಲ್ಲಿ ಉಸಿರಾಡುವ ಗಾಳಿ ಇರುತ್ತದೆಂದು ಹೇಳಲಾಗದು. ಪಟಿಕ (ಆಲಂ) ಹಾಕಿದರೆ ರಾಡಿ ಕೂರುತ್ತದೆ, ರೋಗಾಣು ಸಾಯುವುದಿಲ್ಲ. ಈ ತಪ್ಪು ತಿಳಿವಳಿಕೆ ನಮ್ಮ ಕಡೆಯವರಲ್ಲಿ ಬಹಳ.

ನಿಮ್ಮ ಮನೆಯಲ್ಲಿ ಹೀಗೆ ತುಂಬಿಸಿ ಮರೆತ ಟಾಕಿಯೋ ಡ್ರಮ್ಮೋ ಇದ್ದರೆ, ಆ ನೀರನ್ನು ಇವತ್ತೇ ಗಿಡಕ್ಕೆ, ನೆಲ ಒರೆಸುವುದಕ್ಕೆ, ಶೌಚಾಲಯಕ್ಕೆ ಬಳಸಿ ಮುಗಿಸಿ. ಬೇರೆ ನೀರು ಸಿಗದೆ ಅದನ್ನೇ ಬಳಸಬೇಕಾಗಿ ಬಂದರೆ ಸೋಸಿ, ತಳಮಳ ಕುದಿಯತೊಡಗಿದ ಮೇಲೂ ಒಂದು ನಿಮಿಷ ಕುದಿಸಿ. ಹಲ್ಲುಜ್ಜುವುದಕ್ಕೂ, ಸೊಪ್ಪು ತೊಳೆಯುವುದಕ್ಕೂ, ಮಜ್ಜಿಗೆಗೂ ಆ ಕುದಿಸಿ ಆರಿಸಿದ ನೀರೇ ಇರಲಿ.

ನೀರಿನಲ್ಲಿ ಕ್ಲೋರಿನ್ ಉಳಿದಿದೆಯೇ ಎಂದು ನೋಡಲು ಕ್ಲೋರೋಸ್ಕೋಪ್ ಎಂಬ ಪುಟ್ಟ ಪೆಟ್ಟಿಗೆ ಕೊಂಡಿದ್ದೇನೆ. ಕೆಲವು ಹನಿ ಔಷಧ ಬಿಟ್ಟರೆ ನೀರು ಹಳದಿಯಾಗುತ್ತದೆ, ಬಣ್ಣವೇ ಇಲ್ಲದಿದ್ದರೆ ಕ್ಲೋರಿನ್ ಮುಗಿದಿದೆ ಎಂದರ್ಥ. ಪ್ರತಿ ಭಾನುವಾರ ನೋಡುತ್ತೇನೆ, ಎರಡು ನಿಮಿಷದ ಕೆಲಸ. ಧಾಯರಿ, ನರ್ಹೆ, ವಡಗಾವ್ ಭಾಗದ ನಮ್ಮವರಿಗೆ ಬೇಕಿದ್ದರೆ ವಾರದ ಉಳಿದ ದಿನ ಆ ಪೆಟ್ಟಿಗೆಯನ್ನು ಕೊಡುತ್ತೇನೆ, ಶನಿವಾರ ಸಂಜೆಯೊಳಗೆ ಹಿಂದಿರುಗಿಸಿದರೆ ಸಾಕು.